ಒಂದು ಗೇಣು ಕಡಿಮೆ

ಬತ್ತಿ ಬಾಗಿಹೋಗಿತ್ತು.

ಸಂತ ಒರಾಬಿಲೆಯ ಗೋರಿಯ ಮುಂದೆ ಹಗಲಿರುಳೂ ಉರಿಯುವ ಏಳು ದೀಪಗಳ ಕಾವಿಗೆ ನಾಲ್ಕು ತಿಂಗಳು ತೂಗಾಡಿ, ಆ ಸುರುಳಿ ಮೇಣದಬತ್ತಿ ಮುದಿ ಹಸುವಿನ ಗಂಗೆದೊಗಲಿನ ಹಾಗೆ ಜೋತುಬಿದ್ದಿತ್ತು. ತೆಸ್ಸಕ್ಕ ಅದನ್ನು ತೊಡೆಯ ಮೇಲೆ ಹಾಕಿಕೊಂಡು, ಬಿಸಿನೀರಲ್ಲಿ ಬೆರಳದ್ದಿ, ಸಿಕ್ಕುಗಟ್ಟಿದ ಜಡೆ ಬಿಡಿಸುವವಳಂತೆ ಒಂದೊಂದೇ ಸುತ್ತು ಬಿಚ್ಚುತ್ತಿದ್ದಳು.

"ಭಾನುವಾರ ಪವಾಡ ಪರೀಕ್ಷೆ ಮಾಡೋಕೆ ವಿಚಾರಣೆಯ ದೊಡ್ಡವರು ಬರ್ತಾರೆ. ಇದೇ ಆ ಪವಾಡದ ಬತ್ತಿ ಅಂತ ಅವರಿಗೆ ತೋರಿಸ್ಬೇಕು. ಹೀಗೆ ಸೋತು ನೇತಾಡ್ತಿದ್ರೆ ಏನು ಚೆಂದ? ಹೊಸ ಮೇಣ ಬಳಿದು ನೆಟ್ಟಗೆ ಮಾಡು ತೆಸ್ಸಾ," ಎಂದು ಮಠದ ಅಮ್ಮನವರು ಬೆಳಿಗ್ಗೆಯೇ ಹೇಳಿ ಹೋಗಿದ್ದರು.

ದೊಡ್ಡವರು ಬರುವುದು ಭಾನುವಾರ. ಸೂಲಗಿತ್ತಿ ಗಿಸ್ಲಾಳನ್ನು ಸುಡುವುದು ಶನಿವಾರ ಮಧ್ಯಾಹ್ನ. ಇವತ್ತು ಶುಕ್ರವಾರ.

ಊರು ಹೇಳುವ ಕಥೆ ಇಷ್ಟು. ಬಟ್ಟೆಗಿರಣಿಯ ಬಾಂದಿನೋನ ಏಳು ವರ್ಷದ ಮಗ ತಿನೂಚೋಗೆ ಗಿಸ್ಲಾ ವಿಷ ಕುಡಿಸಿದಳು. ಮಗು ಸತ್ತಿತು. ಅಪ್ಪ ಅಳುತ್ತಲೇ ಹೆಣದ ಅಳತೆ ತೆಗೆದು ಬತ್ತಿಯ ಹರಕೆ ಹೊತ್ತ. ಸಂತಳು ಮಗುವನ್ನು ಎಬ್ಬಿಸಿ ಕೂರಿಸಿದಳು. ವಿಷವಿಲ್ಲದಿದ್ದರೆ ಸಾವಿಲ್ಲ, ಸಾವಿಲ್ಲದಿದ್ದರೆ ಪವಾಡವಿಲ್ಲ. ಹಾಗಾಗಿ ಪವಾಡ ಬೇಕಾದವರಿಗೆಲ್ಲ ಗಿಸ್ಲಾಳ ತಪ್ಪೂ ಬೇಕಾಗಿತ್ತು.

ಸೆರೆಮನೆಯ ಕಿಂಡಿಯಿಂದ ಗಿಸ್ಲಾ ಹೇಳಿದ್ದೇ ಬೇರೆ. "ಆ ಮಗೂನ ನಾನು ಮುಟ್ಟೇ ಇಲ್ಲ ತೆಸ್ಸಕ್ಕ. ಅವತ್ತು ಆ ಮನೇಲಿ ನಾನು ವಾಂತಿ ಮಾಡಿಸಿದ್ದು ನಾದ್ದೋಗೆ. ಬಾಂದಿನೋನ ಅಣ್ಣನಿಗೆ."

ಈ ಮಾತಿಗೆ ಊರೆಲ್ಲ ನಕ್ಕಿತ್ತು. ನಾದ್ದೋ ಸೆಪ್ಟೆಂಬರಿನಲ್ಲೇ ದೂರದ ಯಾತ್ರೆಗೆ ಹೊರಟುಹೋದನಲ್ಲ! ತಮ್ಮ ಬಾಂದಿನೋನೇ ಹಾಗೆ ಹೇಳಿದ್ದ. ಇಲ್ಲದವನಿಗೆ ಅಕ್ಟೋಬರಿನಲ್ಲಿ ವಾಂತಿ ಮಾಡಿಸಿದಳಂತೆ ಮುದುಕಿ.

ತೆಸ್ಸಕ್ಕ ನಕ್ಕಿರಲಿಲ್ಲ. ಅವಳಿಗೆ ಅರವತ್ತೆರಡು. ಅದರಲ್ಲಿ ನಲವತ್ತು ವರ್ಷ ಈ ಮೇಣದ ಕೋಣೆಯಲ್ಲೇ ಕಳೆದಿತ್ತು. ಮೊಂತೆಸೋರ್ಬೋ ಊರಿನ ಜನ ಏನು ಬೇಡುತ್ತಾರೆ, ಯಾವುದನ್ನು ಮುಚ್ಚಿಡುತ್ತಾರೆ ಅನ್ನುವುದು ಅವರು ತರುವ ಮೇಣದಲ್ಲೇ ಅವಳಿಗೆ ಗೊತ್ತಾಗುತ್ತಿತ್ತು. ಸೋಸಿದ ಮೇಣದ ನಡುವೆ ಹಳೇ ಕೊಬ್ಬು ತುಂಬಿ ತಂದವರೂ ಅವಳಿಗೆ ಗೊತ್ತು.

ಕೊನೆಯ ಸುತ್ತು ಬಿಚ್ಚಿತು. ಕಾದ ಮೇಣ ಹಾವಿನ ಪೊರೆಯಂತೆ ಸುಲಿದು ಬಂತು. ಒಳಗಿನ ನೂಲು ಕಾಣಿಸಿತು.

ಅಳತೆಯ ಬತ್ತಿಯಲ್ಲಿ ಯಾವಾಗಲೂ ಎರಡು ನೂಲು. ಕಾಯಿಲೆಯವನ ನೆತ್ತಿಯಿಂದ ಹಿಮ್ಮಡಿಯವರೆಗೆ ಒಂದು. ಅವನ ಎರಡೂ ಕೈ ಶಿಲುಬೆಯಂತೆ ಚಾಚಿಸಿ, ಈ ಬೆರಳ ತುದಿಯಿಂದ ಆ ಬೆರಳ ತುದಿಯವರೆಗೆ ಇನ್ನೊಂದು. ಎರಡನ್ನೂ ಹೊಸೆದು ಮೇಣದಲ್ಲಿ ಅದ್ದಿದರೆ ಆ ಮೈಯನ್ನೇ ಸಂತಳಿಗೆ ಒಪ್ಪಿಸಿದ ಹಾಗೆ.

ಎಷ್ಟು ಉದ್ದದ ಬತ್ತಿಯಾದರೂ ಸುರುಳಿ ಸುತ್ತಿದರೆ ಒಂದು ಹಿಡಿ. ಒಪ್ಪಿಸಿದ ಬತ್ತಿಯನ್ನು ಬಿಚ್ಚಿ ನೋಡುವ ರೂಢಿಯಿಲ್ಲ. ಬಾಂದಿನೋ ನಂಬಿದ್ದು ಅದನ್ನೇ ಇರಬೇಕು. ಗೋರಿಯ ದೀಪದ ಕಾವು ಅವನ ಯೋಚನೆಗೆ ಬಂದಿರಲಿಲ್ಲ.

ತೆಸ್ಸಕ್ಕ ಉದ್ದದ ನೂಲಿನ ತುದಿಯನ್ನು ಗೋಡೆಯ ಮೊಳೆಗೆ ಸಿಕ್ಕಿಸಿ, ಮೊಳಕೈಯಿಂದ ಅಳೆದಳು. ಒಂದು. ಎರಡು. ಮೂರು. ಮೂರೂವರೆ ದಾಟಿ ಇನ್ನೂ ಮೂರು ಬೆರಳು.

ತಿನೂಚೋ ಪ್ರತಿ ಭಾನುವಾರ ಅವಳ ಮುಂದೆಯೇ ಮಂಡಿಯೂರುತ್ತಾನೆ. ಎದ್ದು ನಿಂತರೆ ಅವಳ ಸೊಂಟದ ಹಗ್ಗಕ್ಕೆ ಬರುತ್ತಾನೆ.

"ಒರಾಬಿಲಮ್ಮಾ," ಎಂದಳು ಮೆಲ್ಲಗೆ. "ಇದು ಆಳುದ್ದ ಬೆಳೆದ ಗಂಡಸು."

ಅಡ್ಡದ ನೂಲನ್ನೂ ಅದರ ಪಕ್ಕದಲ್ಲೇ ಇಳಿಬಿಟ್ಟಳು. ಯಾರದೇ ಮೈಯಾಗಲಿ, ಉದ್ದಕ್ಕೂ ಅಡ್ಡಕ್ಕೂ ಹೆಚ್ಚುಕಮ್ಮಿ ಒಂದೇ ಅಳತೆ. ಕುಳ್ಳನಿಗೂ ಅಷ್ಟೆ, ನೀಳನಿಗೂ ಅಷ್ಟೆ. ನಲವತ್ತು ವರ್ಷದಲ್ಲಿ ಎರಡು ಬೆರಳಿಗಿಂತ ಹೆಚ್ಚು ವ್ಯತ್ಯಾಸ ಅವಳು ಕಂಡಿರಲಿಲ್ಲ.

ಈ ನೂಲು ಒಂದು ಗೇಣು ಕಡಿಮೆಯಿತ್ತು.

ತುಂಡಾಗಿದೆಯೇನೋ ಎಂದು ತುದಿಯನ್ನು ಕಿಟಕಿಯ ಬೆಳಕಿಗೆ ಹಿಡಿದಳು. ಇಲ್ಲ. ಎರಡೂ ಕಡೆ ಗಂಟು ಗಟ್ಟಿಯಾಗಿತ್ತು. ಅಳೆದವರು ಬೇಕೆಂದೇ ಅಲ್ಲಿಗೆ ನಿಲ್ಲಿಸಿದ್ದರು, ಏಕೆಂದರೆ ಮೈ ಅಲ್ಲಿಗೇ ನಿಂತಿತ್ತು. ಒಂದು ಗೇಣು ಅಂದರೆ ಹೆಚ್ಚುಕಮ್ಮಿ ಮಣಿಕಟ್ಟಿನಿಂದ ಬೆರಳ ತುದಿಯಷ್ಟು.

ಮೊಂತೆಸೋರ್ಬೋದಲ್ಲಿ ಎಡಗೈಯ ಹಸ್ತವಿಲ್ಲದವನು ಒಬ್ಬನೇ. ಯಾರದೋ ಬಾವುಟದ ಕೆಳಗೆ, ಯಾರದೋ ಯುದ್ಧದಲ್ಲಿ ಹಸ್ತ ಕಳೆದುಕೊಂಡು ಬಂದ ನಾದ್ದೋ.

ಗಿಸ್ಲಾ ಹೇಳಿದ್ದು ನಿಜ.

ಹೊಸ್ತಿಲ ಬಳಿ ನೆರಳಾಯಿತು.

"ಏನ್ ತೆಸ್ಸಾ, ಉಪವಾಸದ ತಿಂಗಳಲ್ಲೂ ನಿನ್ನ ಒಲೆಗೆ ಬಿಡುವಿಲ್ವಲ್ಲ."

ಇಮೀಲ್ಯಮ್ಮ. ನಾದ್ದೋ ಬಾಂದಿನೋ ಇಬ್ಬರನ್ನೂ ಹೆತ್ತವಳು. ಎಪ್ಪತ್ತು ದಾಟಿದ್ದರೂ ಪ್ರತಿ ಶುಕ್ರವಾರ ತಾನೇ ನೂತ ನಾರುನೂಲಿನ ಉಂಡೆ ತಂದು ಮೇಣದ ಕೋಣೆಗೆ ಕೊಡುವುದು ಅವಳ ಹಳೇ ಹರಕೆ. ಒಂದು ಕೈಯಲ್ಲಿ ನೂಲಿನುಂಡೆ, ಇನ್ನೊಂದರಲ್ಲಿ ಬಟ್ಟೆ ಮುಚ್ಚಿದ ಬುಟ್ಟಿ.

"ಬನ್ನಿ ಅಮ್ಮಾ. ಒಲೆಗೇನು ಉಪವಾಸ? ಅದು ಎಲ್ಲಾ ದಿನಾನೂ ತಿನ್ನುತ್ತೆ." ತೆಸ್ಸಕ್ಕ ಗೋಡೆಗೆ ಅಡ್ಡವಾಗಿ ನಿಂತಳು. "ಬುಟ್ಟೀಲೇನು?"

"ಗಿರಣಿ ಕೂಲಿಯವರಿಗೆ ಬುತ್ತಿ. ದಿನಾ ಒಯ್ತೀನಲ್ಲ. ಏನು ಹೊಸದಾಗಿ ಕೇಳ್ತೀಯ?"

ಬಟ್ಟೆಯ ಒಂದು ಮೂಲೆ ಸರಿದಿತ್ತು. ತೆಸ್ಸಕ್ಕ ಕಣ್ಣು ಹಾಯಿಸಿದಳು. ರೊಟ್ಟಿಯನ್ನು ಬಾಯಿ ತುತ್ತಿಗೆ ತಕ್ಕಂತೆ ತುಂಡು ಮಾಡಿತ್ತು. ಈರುಳ್ಳಿ ಸಿಪ್ಪೆ ಸುಲಿದು ಸೀಳಿತ್ತು. ಅಕ್ರೋಟು ಒಡೆದು, ತಿರುಳು ಬಿಡಿಸಿ, ಎಲೆಯಲ್ಲಿ ಕಟ್ಟಿತ್ತು.

"ಕೂಲಿಯವರು ಪುಣ್ಯವಂತರು ಬಿಡಿ," ಎಂದಳು. "ನನಗೆ ಅರವತ್ತೆರಡಾಯ್ತು, ಒಬ್ಬರೂ ಅಕ್ರೋಟು ಒಡೆದುಕೊಟ್ಟಿಲ್ಲ."

"ಹಲ್ಲಿಲ್ಲದ ಮುದುಕರಿದ್ದಾರೆ ಅಲ್ಲಿ."

"ಅಕ್ರೋಟು ಹಲ್ಲಲ್ಲಿ ಒಡೆಯೋದಲ್ಲಮ್ಮ. ಒಂದು ಕೈಯಲ್ಲಿ ಹಿಡಿದು, ಇನ್ನೊಂದರಲ್ಲಿ ಕಲ್ಲು ಎತ್ತಿ ಒಡೆಯೋದು."

ಇಮೀಲ್ಯಮ್ಮ ಬುಟ್ಟಿಯ ಬಟ್ಟೆ ಎಳೆದು ಮುಚ್ಚಿದಳು. "ಬಾಯಿ ಜಾಸ್ತಿ ಆಯ್ತು ನಿಂಗೆ. ತಗೋ ನೂಲು. ನಾನು ಹೊರಟೆ."

ತೆಸ್ಸಕ್ಕ ಗೋಡೆಯಿಂದ ಪಕ್ಕಕ್ಕೆ ಸರಿದಳು. ಎರಡು ನೂಲು ಒಂದರ ಪಕ್ಕ ಒಂದು ತೂಗುತ್ತಿದ್ದವು, ಒಂದು ಉದ್ದ, ಒಂದು ಗಿಡ್ಡ. ಮುದುಕಿ ನೋಡಿದಳು. ನೂಲಿನುಂಡೆ ಕೈಜಾರಿ ಉರುಳುತ್ತ ಒಲೆಯ ಬುಡಕ್ಕೆ ಹೋಗಿ ನಿಂತಿತು. ಇಬ್ಬರೂ ಅದನ್ನು ಎತ್ತಲಿಲ್ಲ.

"ಆ ನೂಲು ನೂತಿದ್ದು ಯಾರಮ್ಮ?"

"ಊರಲ್ಲಿ ನೂಲೋರು ನೂರು ಜನ."

"ಗಂಟಿನ ಬಾಲ ಒಳಗೆ ಮಡಚಿ ಸಿಕ್ಕಿಸೋರು ನೀವೊಬ್ರೇ. ನಿಮ್ಮನೆ ಗಂಟು ಬಿಚ್ಚಿ ಬಿಚ್ಚಿ ನನ್ನ ಉಗುರು ಸವೆದುಹೋಗಿದೆ. ಮಗೂದು ಅಂತ ಕೊಟ್ಟ ಬತ್ತೀಲಿ ಮೂರೂವರೆ ಮೊಳ ಹೇಗೆ ಬಂತು?"

"ನನಗೇನು ಗೊತ್ತು? ಬತ್ತಿ ಕೊಟ್ಟವನು ಬಾಂದಿನೋ. ಅವನನ್ನ ಕೇಳು."

"ಅವನನ್ನ ಯಾಕೆ ಕೇಳ್ಲಿ? ಅಳತೆ ತೆಗೆದವರು ನೀವು. ನಾದ್ದೋನ ಮಲಗಿಸಿ ಅಳೆದವರು. ಎಡಗೈ ಹತ್ರ ಬಂದಾಗ ಮಣಿಕಟ್ಟಲ್ಲೇ ಗಂಟು ಹಾಕಿದ್ರಿ. ಇಲ್ಲದ ಬೆರಳನ್ನ ಇದೆ ಅಂತ ಸಂತಳಿಗೆ ಸುಳ್ಳು ಹೇಳೋಕೆ ನಿಮ್ಮ ಕೈ ಒಪ್ಪಲಿಲ್ಲ."

ಮುದುಕಿ ಮಣೆಯ ಮೇಲೆ ಕುಸಿದು ಕುಳಿತಳು. ಅಳುತ್ತಾಳೇನೋ ಎಂದುಕೊಂಡಳು ತೆಸ್ಸಕ್ಕ. ಅವಳು ಅಳಲಿಲ್ಲ. ಬುಟ್ಟಿಯನ್ನು ಹೊಟ್ಟೆಗೆ ಅವುಚಿಕೊಂಡಳು.

"ಸತ್ತವನ ಸುದ್ದಿ ಯಾಕೆ ಕೆದಕ್ತೀಯ?"

"ಸತ್ತವನ ಬತ್ತಿ ತಲೆದೆಸೆಯಲ್ಲಿ ಹಚ್ಚಿ ಪೂರ್ತಿ ಉರಿಸ್ತಾರೆ. ಬದುಕಿದವನದ್ದು ಮಾತ್ರ ಉಳಿಯೋದು, ಹರಕೆ ತೀರಿಸೋಕೆ. ಇದಕ್ಕೆ ಒಂದು ಕಿಡಿನೂ ತಾಕಿಲ್ಲ. ನಿಮ್ಮ ಹೊಟ್ಟೇಲಿ ಹುಟ್ಟಿದವನು ಸತ್ತಿದ್ರೆ ನೀವು ಉರಿಸದೆ ಇರ್ತಿದ್ರಾ?" ತೆಸ್ಸಕ್ಕ ಬಗ್ಗಿ ಬುಟ್ಟಿಯ ಮೇಲೆ ಕೈಯಿಟ್ಟಳು. "ಈ ರೊಟ್ಟಿ ತಿನ್ನೋನು ಎಲ್ಲಿದ್ದಾನಮ್ಮ?"

ಮುದುಕಿ ತೆಸ್ಸಕ್ಕನ ಕೈಯನ್ನು ಬುಟ್ಟಿಯ ಮೇಲಿಂದ ಸರಿಸಿದಳು.

"ಗಿರಣಿ ಅಟ್ಟದ ಮೇಲೆ," ಎಂದಳು ಇಮೀಲ್ಯಮ್ಮ.

ಆಮೇಲೆ ಮಾತು ತಾನಾಗಿ ಬಂತು. ಅಕ್ಟೋಬರಿನ ಕೊನೆ, ಸಕಲ ಸಂತರ ಹಬ್ಬದ ಹಿಂದಿನ ದಿನ ಅದು. ಗಿರಣಿ ನಾದ್ದೋನ ಹೆಸರಿನಲ್ಲಿತ್ತು, ಬಾಂದಿನೋಗೆ ಅದು ಬೇಕಿತ್ತು. ಯಾತ್ರೆಗೆ ಹೋದನೆಂದು ಮೊದಲೇ ಊರಿಗೆ ಸಾರಿ, ಒಂದು ತಿಂಗಳು ಅಣ್ಣನನ್ನು ಮನೆಯ ಹಿಂದಿನ ಕೋಣೆಯಲ್ಲಿ ಕೂಡಿಹಾಕಿದ. ಕೊನೆಗೊಂದು ದಿನ ದ್ರಾಕ್ಷಾರಸ ಕೊಟ್ಟ. ನಾದ್ದೋ ನೀಲಿಗಟ್ಟಿದ. ತಾಯಿ ಅಳತೆ ತೆಗೆದು, ಕಿರಿಮಗನ ಕಣ್ಣು ತಪ್ಪಿಸಿ ಗಿಸ್ಲಾಳನ್ನು ಕರೆಸಿದಳು. ಗಿಸ್ಲಾ ಅವನ ಗಂಟಲಿಗೆ ಬೆರಳು ಹಾಕಿ ಜೀವ ಎಳೆದು ತಂದಳು. ಬೆಳಿಗ್ಗೆ ಹಾಸಿಗೆ ಖಾಲಿ; ರಾತ್ರಿಯೇ ಬಾಂದಿನೋ ಅವನನ್ನು ಗಿರಣಿಯ ಅಟ್ಟಕ್ಕೆ ಸಾಗಿಸಿದ್ದ.

"ಗಿಸ್ಲಾ ಬೀದೀಲಿ ಬಾಯಿ ಬಿಟ್ಟಳು, ನಾದ್ದೋಗೆ ವಿಷ ಹಾಕಿದ್ದಾರೆ ಅಂತ. ಬಾಂದಿನೋ ಅದನ್ನೇ ತಿರುಗಿಸಿಬಿಟ್ಟ, ವಿಷ ಹಾಕಿದ್ದು ಅವಳೇ, ನನ್ನ ಮಗೂಗೆ ಅಂತ. ನಾನು ಮಾಡಿಟ್ಟಿದ್ದ ಬತ್ತೀನೇ ಕಿತ್ಕೊಂಡು ಬಂದು ಇಲ್ಲಿ ತೂಗುಹಾಕಿದ. 'ನಿನ್ನ ಬಾಯಿ ಮುಚ್ಚಿರೋವರೆಗೆ ಅವನ ಬಾಯಿಗೆ ಅನ್ನ' ಅಂದ. ನಾಲ್ಕು ತಿಂಗಳಾಯ್ತು ತೆಸ್ಸಾ, ನಾನು ನಾದ್ದೋನ ಮುಖ ನೋಡಿಲ್ಲ. ಖಾಲಿ ಬುಟ್ಟಿ ನೋಡ್ತೀನಿ. ಖಾಲಿ ಬುಟ್ಟಿ ಬಂದ್ರೆ ಬದುಕಿದಾನೆ ಅಂತ."

"ನಿಮ್ಮ ಮೊಮ್ಮಗನ್ನ ಈ ಲೋಕಕ್ಕೆ ಎಳೆದು ತಂದವಳು ಗಿಸ್ಲಾ. ನಿಮ್ಮ ಮಗನ್ನ ಆ ಲೋಕದಿಂದ ವಾಪಸ್ ಎಳೆದವಳೂ ಅವಳೇ. ನಾಳೆ ಮಧ್ಯಾಹ್ನ ಅವಳಿಗೆ ಬೆಂಕಿ."

"ಗೊತ್ತು ಕಣೇ!" ಮುದುಕಿ ಕಿರುಚಿದಳು. "ನಾನೇನು ಕಲ್ಲಾ? ಇಬ್ಬರೂ ನನ್ನ ಹೊಟ್ಟೇಲೇ ಹುಟ್ಟಿದ್ದು. ನೀನು ಹೆತ್ತಿಲ್ಲ, ನಿನಗೆ ಹೇಳೋದು ಸುಲಭ."

"ಹೌದಮ್ಮ, ಹೆತ್ತಿಲ್ಲ. ಬರೆದಿದ್ದೀನಿ ಅಷ್ಟೇ. ಬರೆದಿದ್ದನ್ನ ನಾಲ್ಕು ತಿಂಗಳು ಬಚ್ಚಿಟ್ಟುಕೊಂಡೂ ಇದ್ದೀನಿ. ನಿಮಗಿಂತ ನಾನೇನು ದೊಡ್ಡವಳಲ್ಲ."

ಮೇಣದ ಬಿಲ್ಲೆಗಳ ರಾಶಿಯ ಕೆಳಗಿಂದ ಅವಳು ಒಂದು ಕಾಗದ ಎಳೆದಳು. ನವೆಂಬರಿನಲ್ಲಿ, ಸಂತ ಮಾರ್ತಿನನ ಹಬ್ಬದ ದಿನ, ತಡವಾಗಿ ಕಲಿತ ಅಕ್ಷರಗಳಲ್ಲಿ, ಗಿಸ್ಲಾ ಹೇಳಿದ್ದನ್ನೆಲ್ಲ ಬರೆದದ್ದು. ವಿಚಾರಣೆಯ ದೊಡ್ಡವರಿಗೆ. ಅವರೀಗ ಕಣಿವೆಯ ಸನ್ಯಾಸಿಮಠದಲ್ಲಿ ತಂಗಿದ್ದರು, ಅರ್ಧ ದಿನದ ದಾರಿ. ಗಿಸ್ಲಾಳ ಮಾತು ಕೇಳುವವರೆಗೆ ಅವಳನ್ನು ಸುಡಬೇಡಿ ಎಂದು ತಡೆಯುವ ಅಧಿಕಾರ ಈ ಸೀಮೆಯಲ್ಲಿ ಅವರೊಬ್ಬರಿಗೇ ಇತ್ತು.

ಆಗ ಅಮ್ಮನವರು ಓದಿ ನೋಡಿ, ಬಿಳಿಚಿಕೊಂಡು, ಮಡಚಿ ವಾಪಸು ಕೊಟ್ಟಿದ್ದರು. "ಸಾಕ್ಷಿ ಎಲ್ಲಿ? ಒಬ್ಬ ಸೂಲಗಿತ್ತಿಯ ಮಾತಿಗೆ ನಮ್ಮ ಸಂತಳ ಪವಾಡ ಕಳ್ಕೋಬೇಕಾ? ನನ್ನ ಅಪ್ಪಣೆ ಇಲ್ಲದೆ ಈ ಮಠದಿಂದ ಒಂದಕ್ಷರ ಹೊರಗೆ ಹೋದರೆ, ಅದರ ಹಿಂದೆ ನೀನೂ ಹೋಗು."

ಅಲ್ಲಿಗೆ ತೆಸ್ಸಕ್ಕನ ಧೈರ್ಯ ಮೇಣದ ಬಿಲ್ಲೆಯ ಕೆಳಗೆ ಸೇರಿತ್ತು.

"ನೀವು ಒರಾಬಿಲಮ್ಮನ್ನ ಕಂಡಿದ್ದೀರಲ್ವಾ?" ಎಂದಳು ಈಗ.

ಕಂಡಿರದೆ? ಹೊಳೆಬಾಗಿಲ ಪಕ್ಕದ ಕಲ್ಲಗೂಡಿನಲ್ಲಿ ತನ್ನ ಸುತ್ತ ತಾನೇ ಗೋಡೆ ಕಟ್ಟಿಸಿಕೊಂಡು ಪ್ರಾರ್ಥನೆಯಲ್ಲಿ ಬದುಕಿದ ಹೆಂಗಸು. ಊರ ಒಡೆಯನಿಗೆ ಹೆದರಿ ಒಬ್ಬ ವಿಧವೆ ಓಡಿಬಂದು, ಕಿಂಡಿಯಿಂದ ನುಸುಳಿ ಅವಳ ಗೂಡಿನಲ್ಲಿ ಅಡಗಿದಾಗ, ಒಡೆಯನ ಆಳುಗಳು ಬಂದು ಕೇಳಿದರು, ಅವಳು ಒಳಗಿದ್ದಾಳೋ ಇಲ್ಲವೋ? ಕಿಂಡಿಯಿಂದ ಉತ್ತರ ಬಂತು: 'ಇದ್ದಾಳೆ. ನಾನೂ ಇದ್ದೀನಿ. ಗೋಡೆ ಕೆಡವಿ, ಇಬ್ಬರ ಮೇಲೂ ಬೀಳಲಿ.' ಮೂರು ಸಲ ಗುದ್ದಲಿಯ ಹಿಡಿ ತಾನಾಗಿ ಮುರಿಯಿತು ಎಂದು ಇವತ್ತು ಹಾಡು ಕಟ್ಟಿ ಹೇಳುತ್ತಾರೆ. ಅವತ್ತು ನೀರಿನ ಕೊಡ ಹಿಡಿದು ಅಲ್ಲೇ ನಿಂತಿದ್ದ ಇಪ್ಪತ್ತರ ತೆಸ್ಸಾ ಯಾವ ಹಿಡಿ ಮುರಿದದ್ದನ್ನೂ ನೋಡಲಿಲ್ಲ. ಗೋಡೆ ಕೆಡವಲು ಬಂದ ಕಲ್ಲುಕೆಲಸದವರು ಒಬ್ಬರ ಮುಖ ಒಬ್ಬರು ನೋಡಿಕೊಂಡು, ಗುದ್ದಲಿ ಕೆಳಗಿಟ್ಟು ಮನೆಗೆ ಹೋದದ್ದನ್ನು ನೋಡಿದ್ದಳು. ಅವಳ ಮಟ್ಟಿಗೆ ಅದೇ ದೊಡ್ಡ ಪವಾಡ.

"ಸುಳ್ಳೂ ಹೇಳಲಿಲ್ಲ, ಹಿಡಿದೂ ಕೊಡಲಿಲ್ಲ," ಎಂದಳು ತೆಸ್ಸಕ್ಕ. "ಅಂಥವಳ ಗೋರಿ ಮುಂದೆ ನಾವಿಬ್ಬರೂ ಸುಳ್ಳಿನ ಬತ್ತಿ ತೂಗುಹಾಕಿ ಕೂತಿದ್ದೀವಿ. ಅವಳಿಗೆ ಈ ಪವಾಡ ಬೇಡಮ್ಮ."

"ಕಾಗದ ಹೋಯ್ತು ಅಂತ ಗೊತ್ತಾದ್ರೆ ಬಾಂದಿನೋ ಅವನನ್ನ ಬಿಡಲ್ಲ."

"ಕಾಗದ ಹೋಗದಿದ್ರೆ? ಭಾನುವಾರ ದೊಡ್ಡವರು ಪವಾಡ ಒಪ್ಪಿ ಹೋದ ಮೇಲೆ, ನಾದ್ದೋನ ಅಟ್ಟದ ಮೇಲೆ ಇಟ್ಟು ಸಾಕೋಕೆ ನಿಮ್ಮ ಕಿರಿಮಗನಿಗೆ ಏನು ಕಾರಣ ಉಳಿಯುತ್ತೆ?"

ಇಮೀಲ್ಯಮ್ಮ ಬುಟ್ಟಿಯನ್ನು ನೆಲಕ್ಕಿಟ್ಟಳು. ಈ ಒಂದು ಪ್ರಶ್ನೆಯನ್ನು ಅವಳು ನಾಲ್ಕು ತಿಂಗಳಿಂದ ತನ್ನ ಹತ್ತಿರಕ್ಕೆ ಬರಗೊಟ್ಟಿರಲಿಲ್ಲ.

"ಹೊಳೆಬಾಗಿಲಲ್ಲಿ ಬಾಂದಿನೋ ಪ್ರತಿ ಮೂಟೆ ಬಿಚ್ಚಿಸಿ ನೋಡ್ತಾನೆ," ಎಂದಳು ಕೊನೆಗೆ. ಧ್ವನಿ ಬೇರೆಯಾಗಿತ್ತು. "ಈ ತಿಂಗಳು ಕಾವಲು ಅವನ ಪಾಲಿಗೆ. ಹೇಗೆ ಕಳಿಸ್ತೀಯ?"

ತೆಸ್ಸಕ್ಕ ಕಾಗದದ ತುದಿಯಲ್ಲಿ ಹೊಸದಾಗಿ ಎರಡು ಸಾಲು ಬರೆದಳು: ಅಳತೆ ಮಗುವಿನದಲ್ಲ, ಒಳಗಿನ ನೂಲು ನೋಡಿ. ನಾದ್ದೋ ಬದುಕಿದ್ದಾನೆ, ಗಿರಣಿಯ ಅಟ್ಟದಲ್ಲಿದ್ದಾನೆ. ಎರಡು ನೂಲನ್ನೂ ಅದರೊಳಗಿಟ್ಟು, ಬೆರಳ ದಪ್ಪಕ್ಕೆ ಬಿಗಿಯಾಗಿ ಸುತ್ತಿದಳು. ಕಟ್ಟಲು ಹೋದಾಗ ಇಮೀಲ್ಯಮ್ಮ ತಡೆದಳು.

"ಕೊಡಿಲ್ಲಿ. ನನ್ನ ಗಂಟು ಇರಲಿ. ನೂತವಳು ಯಾರು ಅಂತ ಅವರು ಕೇಳ್ತಾರಲ್ಲ."

ತೆಸ್ಸಕ್ಕ ಸುರುಳಿಯನ್ನು ಕಡಾಯಿಯಲ್ಲಿ ಅದ್ದಿ ಎತ್ತಿದಳು, ಇಮೀಲ್ಯಮ್ಮ ತುದಿ ಹಿಡಿದು ಆರಿಸಿದಳು, ತೆಸ್ಸಕ್ಕ ಮತ್ತೆ ಅದ್ದಿದಳು. ಹನ್ನೆರಡನೇ ಸಲಕ್ಕೆ ಅದು ಗೋರಿಯ ಮುಂದೆ ಹಚ್ಚುವ ಯಾವ ಬತ್ತಿಗೂ ಕಡಿಮೆಯಿಲ್ಲದ ಬತ್ತಿಯಾಗಿತ್ತು. ಗೋರಿಯ ಮುಂದಿನ ಮೊಳೆ ಬರಿದಾಗಿಯೇ ಉಳಿಯಿತು.

ಮುದುಕಿಯರಿಬ್ಬರೂ ಹೊಳೆಬಾಗಿಲಿಗೆ ಬಂದಾಗ ಉಪ್ಪಿನ ವ್ಯಾಪಾರಿ ನೇರಿ ಹೇಸರಗತ್ತೆಯ ಜೊತೆ ಜಗಳವಾಡುತ್ತಿದ್ದ.

"ಏನ್ ತೆಸ್ಸಕ್ಕ, ನಲವತ್ತು ವರ್ಷಕ್ಕೆ ಹೊಳೆಬಾಗಿಲವರೆಗೆ ಬಂದ್ರಾ? ನನ್ನ ಹಿಂದೆ ಓಡಿಬರೋ ಯೋಚನೆನಾ?"

"ನಿನ್ನ ಕತ್ತೆ ನೋಡಿದ ಮೇಲೆ ನಿನ್ನ ಹಿಂದೆ ಯಾರು ಬರ್ತಾರೋ? ತಗೋ. ಕಣಿವೆ ಮಠದಲ್ಲಿರೋ ವಿಚಾರಣೆಯ ದೊಡ್ಡವರಿಗೆ, ಒರಾಬಿಲಮ್ಮನ ಗೋರಿಯ ಬತ್ತಿ. ಅವರ ಕೈಗೇ ಕೊಡು. ಬೇರೆಯವರ ಕೈಗೆ ಬೇಡ. ದಾರೀಲಿ ಹಚ್ಚಿದ್ರೆ ನಿನ್ನ ಕೈ ಉರಿದುಹೋಗುತ್ತೆ."

"ಏನದು?" ಬಾಂದಿನೋ ಬಂದ. ಒಳ್ಳೆಯ ಉಣ್ಣೆಯ ನಿಲುವಂಗಿ, ಸದಾ ನಗುವ ಬಾಯಿ. ಬತ್ತಿಯನ್ನು ನೇರಿಯ ಕೈಯಿಂದ ತೆಗೆದುಕೊಂಡು, ತಿರುಗಿಸಿದ. ಮೂಗಿನ ಹತ್ತಿರ ತಂದ. ತೆಸ್ಸಕ್ಕನ ಕಾಲಬೆರಳು ಚಪ್ಪಲಿಯೊಳಗೆ ಮುದುರಿತು.

ಅವನು ಬತ್ತಿಗೆ ಮುತ್ತಿಟ್ಟ. ಕಣ್ಣಿಗೊತ್ತಿಕೊಂಡ. "ನನ್ನ ಮಗನ್ನ ಉಳಿಸಿದ ತಾಯಿ," ಎಂದು ಎಲ್ಲರಿಗೂ ಕೇಳುವ ಹಾಗೆ ಹೇಳಿ, ನೇರಿಯ ಚೀಲಕ್ಕೆ ತಾನೇ ಇಟ್ಟ.

ಆಮೇಲೆ ತನ್ನ ತಾಯಿಯ ಕಡೆ ತಿರುಗಿದ. ಕಣ್ಣು ಅವಳ ಮುಖದಿಂದ ಬುಟ್ಟಿಗೆ, ಬುಟ್ಟಿ ಹಿಡಿದ ಕೈಗೆ ಇಳಿದು ಅಲ್ಲೇ ನಿಂತಿತು. ಇಮೀಲ್ಯಮ್ಮನ ಹೆಬ್ಬೆರಳ ಮೇಲೆ ಮೇಣ ಹತ್ತಿತ್ತು. ಹಸಿಯದು, ಇನ್ನೂ ಬೆಳ್ಳಗಾಗದ್ದು. ಎಲ್ಲರೆದುರು ಮುತ್ತಿಟ್ಟ ಬತ್ತಿಯನ್ನು ಅವನು ಇನ್ನು ಒಡೆದು ನೋಡುವ ಹಾಗಿರಲಿಲ್ಲ.

ಬಾಂದಿನೋನ ನಗು ಹೋಗಲಿಲ್ಲ. ಅದಕ್ಕೇ ತೆಸ್ಸಕ್ಕನಿಗೆ ಭಯವಾಯಿತು.

"ಈ ಬಿಸಿಲಲ್ಲಿ ನೀನ್ಯಾಕಮ್ಮ ನಡೀತೀಯ?" ಬುಟ್ಟಿಯನ್ನು ಅವಳ ಕೈಯಿಂದ ಬಿಡಿಸಿಕೊಂಡ. "ಇವತ್ತು ಬುತ್ತಿ ನಾನೇ ಒಯ್ತೀನಿ."

ಬಾಗಿಲಾಚೆ ದಾರಿ ಎರಡಾಗುತ್ತದೆ. ಎಡಕ್ಕೆ ಗಿರಣಿ, ಬಲಕ್ಕೆ ಕಣಿವೆ. ಬಾಂದಿನೋ ಎಡಕ್ಕೆ ಇಳಿಯತೊಡಗಿದ, ಆತುರವಿಲ್ಲದೆ, ಬುಟ್ಟಿಯನ್ನು ತೂಗಿಸುತ್ತ.

ನೇರಿ ಹಗ್ಗ ಹಿಡಿದು ನಿಂತಿದ್ದ. ಇಬ್ಬರು ಮುದುಕಿಯರ ಮುಖ ನೋಡಿ ಅವನ ತಮಾಷೆ ಅಡಗಿತ್ತು. "ಏನಮ್ಮ? ಒಯ್ಯೋದಾ, ಬೇಡ್ವಾ? ಬೇಡಾಂದ್ರೆ ಈಗಲೇ ಹೇಳಿ."

ತೆಸ್ಸಕ್ಕ ಇಮೀಲ್ಯಮ್ಮನ ಕಡೆ ತಿರುಗಿದಳು. ಈ ಮಾತು ಹೇಳುವ ಹಕ್ಕು ಅವಳದ್ದಲ್ಲ.

ಇಮೀಲ್ಯಮ್ಮ ಎಡಗಡೆಯ ದಾರಿಯನ್ನೇ ನೋಡುತ್ತಿದ್ದಳು. ಖಾಲಿಯಾದ ಕೈಗಳನ್ನು ಸೆರಗಿಗೆ ಒರೆಸಿಕೊಂಡಳು. ಹೆಬ್ಬೆರಳಿನ ಮೇಣ ಹೋಗಲಿಲ್ಲ.

"ನನ್ನ ಮಗ ಇದ್ದಾನೆ," ಎಂದಳು, ಬಾಗಿಲ ಕಾವಲುಗಾರರಿಗೆಲ್ಲ ಕೇಳುವಷ್ಟು ಗಟ್ಟಿಯಾಗಿ. "ನಾನೂ ಇದ್ದೀನಿ. ಏನು ನೋಡ್ತಾ ನಿಂತಿದೀಯೋ ನೇರಿ? ಕತ್ತೆ ಹೊಡಿ!"

ಅವಳು ಎಡಗಡೆಯ ಇಳಿಜಾರಿಗೆ ಕಾಲಿಟ್ಟಳು. ಅಪ್ಪಣೆಯಿಲ್ಲದ ಅಕ್ಷರದ ಹಿಂದೆ ತಾನೂ ಹೋಗಬೇಕಾದವಳೆಂದು ತೆಸ್ಸಕ್ಕನಿಗೆ ನೆನಪಿತ್ತು. ಸೊಂಟದ ಹಗ್ಗ ಬಿಗಿದುಕೊಂಡು, ಮೇಣ ಕೆರೆಯುವ ಕತ್ತಿ ಅಲ್ಲೇ ಇದೆಯೆಂದು ಮುಟ್ಟಿ ನೋಡಿ, ಬಾಗಿಲ ಕಲ್ಲು ದಾಟಿದಳು.

ಬಲಗಡೆಯ ತಿರುವಿನಲ್ಲಿ ಹೇಸರಗತ್ತೆಯ ಗಂಟೆ ಒಮ್ಮೆ ಕೇಳಿ ಮರೆಯಾಯಿತು. ನಾಲ್ಕು ತಿಂಗಳು ತಡವಾದ ಕಾಗದ ಹೊರಟುಹೋಗಿತ್ತು.